ಒಳಗೋಡೆಯ ಇಟ್ಟಿಗೆ ಪಂಚಾಯ್ತಿ

ಮನೆ ಕಟ್ಟಿಸುವವರಿಗೆ ಇಂಥ ಪ್ರಸಂಗಗಳು ದಿನಕ್ಕೊಂದು ಕಾದಿರುತ್ತವೆ. ಹೊರಗೋಡೆ ಏಳುವ ತನಕ ನೆಂಟರು ಸುಮ್ಮನಿರುತ್ತಾರೆ. ಒಳಗೋಡೆಗೆ ಯಾವ ಇಟ್ಟಿಗೆ ಎಂದು ಬಾಯಿ ತಪ್ಪಿ ಕೇಳಿದಿರೋ, ಎಲ್ಲರೂ ಇಂಜಿನಿಯರುಗಳೇ.

ನನಗೆ ಬೇಕಾಗಿದ್ದದ್ದು ಒಂದೇ. ನನ್ನ ಗಂಡ ಫೋನಿನಲ್ಲಿ ಮಾತಾಡಿದರೆ ಬೀದಿ ಕೊನೆಯ ಮನೆಯವರೂ ಉತ್ತರ ಕೊಡಬಹುದು. ಚಾಮರಾಜಪುರಂನ ಬಾಡಿಗೆ ಮನೆಯಲ್ಲಿ ಆ ಗದ್ದಲದ ನಡುವೆಯೇ ಇಷ್ಟು ವರ್ಷ ಸ್ಕೂಲ್ ಮಕ್ಕಳ ಉತ್ತರಪತ್ರಿಕೆ ತಿದ್ದಿದ್ದೇನೆ. ರಾಮಕೃಷ್ಣನಗರದ ಹೊಸ ಮನೆಯಲ್ಲಿ, ಬಾಗಿಲು ಹಾಕಿದರೆ ಅವರ ದನಿ ಒಳಗೆ ಬಾರದ ಒಂದು ಕೋಣೆ ನನಗೆ ಬೇಕಿತ್ತು.

ಇಟ್ಟಿಗೆ ಡಾಕ್ಟರು

ಮೇಸ್ತ್ರಿ ಮೂರು ಸ್ಯಾಂಪಲ್ ತಂದಿಟ್ಟ: ಸುಟ್ಟ ಇಟ್ಟಿಗೆ, ಸಿಮೆಂಟ್ ಬ್ಲಾಕ್, ಹಗುರವಾದ ಬಿಳಿ ಬ್ಲಾಕ್. ನನ್ನ ನಾದಿನಿಯ ಗಂಡ ಒಂದೊಂದನ್ನೂ ಬೆರಳಿನಿಂದ ಕುಟ್ಟಿ ಕಿವಿ ಇಟ್ಟು ಕೇಳಿದರು.

"ಸುಟ್ಟ ಇಟ್ಟಿಗೆ ತಗೊಳಮ್ಮ. ಸದ್ದು ನೋಡು, ಗಂಟೆ ಹೊಡೆದಂಗಿದೆ."

"ನನಗೆ ಸದ್ದೇ ಬೇಡ ಅಣ್ಣ," ಎಂದೆ.

"ನಿಂಗೆ ಗೊತ್ತಾಗಲ್ಲ ಸುಮ್ನಿರಮ್ಮ," ಎಂದು ಅರ್ಧ ಗಂಟೆ ಪಾಠ ಮಾಡಿದರು. ಇಟ್ಟಿಗೆಯ ಬಗ್ಗೆ ಇಷ್ಟು ತಿಳಿದ ಅವರು ಈವತ್ತಿಗೂ ಬಾಡಿಗೆ ಮನೆಯಲ್ಲಿದ್ದಾರೆ.

ದೇವರಾದ ಬ್ಲಾಕ್

ಶುಕ್ರವಾರ ಅತ್ತೆ ಸೈಟಿನಲ್ಲಿ ದೀಪ ಹಚ್ಚಲು ಬಂದರು. ಬಿಳಿ ಬ್ಲಾಕ್ ಚೊಕ್ಕಟವಾಗಿ ಕಂಡಿತು. ಅದರ ಮೇಲೆ ದೀಪ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಹೂವನ್ನೂ ಮುಡಿಸಿದರು. ಹಗುರ ಬ್ಲಾಕ್ ಸದ್ದು ತಡೆಯಲ್ಲ, ಇದು ಬೇಡ, ವಾಪಸ್ ಕಳಿಸೋಣ ಎಂದೆ.

"ಪೂಜೆ ಆದ್ಮೇಲೆ ಅದು ದೇವ್ರು ಕಣಮ್ಮ. ದೇವ್ರನ್ನ ಎಂಗೆ ವಾಪಸ್ ಕಳ್ಸೀಯೆ?" ಎಂದರು ಅತ್ತೆ.

ಮೇಸ್ತ್ರಿ ತಕ್ಷಣ ಚಪ್ಪಲಿ ಬಿಟ್ಟು ಕೈ ಮುಗಿದು, "ಅಮ್ಮೋರು ಹೇಳಿದ್ದೇ ಸರಿ," ಎಂದ. ದೇವರಮನೆ, ಊಟದ ಮನೆ ಎರಡಕ್ಕೂ ಅದೇ ಬ್ಲಾಕ್ ಬಂತು. ಅದನ್ನು ಕಡಕೊಳದಿಂದ ಸಪ್ಲೈ ಮಾಡುವವನು ಮೇಸ್ತ್ರಿಯ ಭಾಮೈದ ಎಂದು ನನಗೆ ಆಮೇಲೆ ತಿಳಿಯಿತು.

ತಾತನ ಮೊಳೆ

ಗಂಡನ ಮನೆಯ ಕಡೆ ಹಾರ ಹಾಕಿದ ಹಿರಿಯರ ಫೋಟೊಗಳು ಹನ್ನೊಂದಿವೆ. ಹಗುರ ಬ್ಲಾಕಿನಲ್ಲಿ ಮೊಳೆ ಸರಿಯಾಗಿ ನಿಲ್ಲುವುದಿಲ್ಲ ಎಂದು ಯಾರೋ ನನ್ನ ಗಂಡನ ತಲೆಗೆ ತುಂಬಿದರು.

"ನಾಳೆ ತಾತ ಕೆಳಗೆ ಬಿದ್ರೆ ಏನ್ ಗತಿ?" ಎಂದು ಎರಡು ದಿನ ಊಟ ಬಿಟ್ಟರು. ಕೊನೆಗೆ ಹಾಲ್ ಗೋಡೆಗೆ ಆರಿಸಿ ಆರಿಸಿ ಸುಟ್ಟ ಇಟ್ಟಿಗೆ ತರಿಸಿದರು.

"ರೀ, ನನ್ನ ಕೋಣೆಗೆ?"

"ಉಳಿದಿದ್ರಲ್ಲಿ ಮಾಡಿದ್ರಾಯ್ತು ಬುಡು."

ನನಗೆ ಮೈಯೆಲ್ಲ ಉರಿಯಿತು. ಈ ಮನೆಯಲ್ಲಿ ಮರ್ಯಾದೆ ಬೇಕಾದರೆ ಮೊದಲು ಫೋಟೊ ಆಗಬೇಕು.

ನನ್ನ ಕೋಟೆ

ಮಾರನೆಯ ದಿನವೇ ಸ್ಕೂಲಿಗೆ ರಜೆ ಹಾಕಿ, ಸೈಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ.

"ಒಳಗೋಡೆಗೆ ನಾಲ್ಕಿಂಚು ಸಾಕು ಮೇಡಂ, ಇದೇನ್ ಕೋಟೆನಾ?" ಎಂದ ಮೇಸ್ತ್ರಿ.

"ಕೋಟೆನೇ ಕಟ್ಟಪ್ಪ," ಎಂದೆ.

ಗಟ್ಟಿ ಇಟ್ಟಿಗೆಯಲ್ಲಿ ಒಂಬತ್ತಿಂಚಿನ ಗೋಡೆ ಮುಗಿಯುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ. ಬಾಗಿಲಿಗೂ ಸಂದಿಲ್ಲದಂತೆ ಮಾಡಿಸಿದೆ.

ಗೃಹಪ್ರವೇಶ ಮುಗಿದ ಮರುದಿನ ಉತ್ತರಪತ್ರಿಕೆಯ ಕಟ್ಟು ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಾಲ್‌ನಲ್ಲಿ ಇವರು ಫೋನ್ ಹಿಡಿದು ಆಗಲೇ ಶುರು ಮಾಡಿದ್ದರು. ನನಗೆ ಒಂದಕ್ಷರ ಕೇಳಿಸಲಿಲ್ಲ. ಸಂತೋಷಕ್ಕೆ ಕಣ್ಣು ತುಂಬಿ ಬಂತು. ಆರು ಪತ್ರಿಕೆ ತಿದ್ದಿರಬೇಕು, ಬಾಗಿಲು ತೆರೆಯಿತು.

ಇವರು ಫೋನ್ ಸಮೇತ ಒಳಗೆ ಬಂದರು. ಕೋಣೆಯ ನಡುವೆ ನಿಂತು, "ಹಾಂ, ಈಗ ಹೇಳಿ, ಇಲ್ಲಿ ಕ್ಲಿಯರಾಗಿ ಕೇಳ್ಸುತ್ತೆ. ಹೊರಗೆ ಬರೀ ಗಲಾಟೆ," ಎಂದರು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು.

"ನಿನ್ನ ಮಾತು ಕೇಳಿ ಗೋಡೆ ದಪ್ಪ ಮಾಡ್ಸಿದ್ದು ಒಳ್ಳೇದಾಯ್ತು ಕಣೆ. ಹೋಗ್ತಾ ಸ್ವಲ್ಪ ಆ ಬಾಗ್ಲು ಎಳ್ಕೊಂಡು ಹೋಗು."