ಹೊಲಿಗೆಗೆ ಬಿಟ್ಟ ಮೂರಿಂಚು

ಟೇಪಣ್ಣನ ಅಡುಗೆಮನೆಗೆಂದು ತರಿಸಿದ ಕಲ್ಲಿನ ಚಪ್ಪಡಿ ಅಡುಗೆಮನೆಗಿಂತ ಮೂರಿಂಚು ಉದ್ದವಾಗಿತ್ತು.

ಇದು ಗೊತ್ತಾದದ್ದು ಬೆಳಿಗ್ಗೆ ಎಂಟೂವರೆಗೆ. ಅಷ್ಟು ಹೊತ್ತಿಗೆ ಅಜ್ಜನ ಕಾಲದ ಅಡುಗೆಕಟ್ಟೆಯನ್ನು ಒಡೆದು ಹಿತ್ತಿಲಿಗೆ ಸುರಿದಾಗಿತ್ತು, ಒಲೆ ನಡುಮನೆಗೆ ಬಂದಿತ್ತು, ಪಾತ್ರೆಪಡಗವೆಲ್ಲ ಮಂಚದ ಕೆಳಗೆ ಸೇರಿತ್ತು, ಕಲ್ಲು ಇಳಿಸಿದ ಗಾಡಿ ಬೀದಿ ದಾಟಿ ಹೋಗಿಯೂ ಆಗಿತ್ತು. ಮೇಸ್ತ್ರಿಯೂ ಅವನ ಆಳುಗಳಿಬ್ಬರೂ ಚಪ್ಪಡಿಯನ್ನೆತ್ತಿ ಈ ಗೋಡೆಯಿಂದ ಆ ಗೋಡೆಗೆ ಕೂರಿಸಲು ನೋಡಿದರು. ಓರೆಯಾಗಿ ಹಿಡಿದರು, ನೆಟ್ಟಗೆ ಹಿಡಿದರು, ಆಮೇಲೆ ಕೆಳಗಿಟ್ಟು ದೂರ ನಿಂತು ಸುಮ್ಮನೆ ನೋಡಿದರು. ನೋಡಿದ ಮಾತ್ರಕ್ಕೆ ಕಲ್ಲು ಕುಗ್ಗುವುದಿಲ್ಲ.

ಅಳತೆ ಕೊಟ್ಟವರು ಯಾರು ಎಂದು ಮೇಸ್ತ್ರಿ ವಿಚಾರಿಸಿದ. ಟೇಪಣ್ಣನಿಗೆ ಈ ಪ್ರಶ್ನೆಯೇ ಅವಮಾನವೆನಿಸಿತು. ಇಪ್ಪತ್ತೆಂಟು ವರ್ಷದಿಂದ ದರ್ಜಿ ಕೆಲಸ ಮಾಡಿ, ಕೊರಳಲ್ಲಿ ಸದಾ ಅಳತೆಯ ಟೇಪು ನೇತುಹಾಕಿಕೊಂಡೇ ಈ ಹೆಸರು ಸಂಪಾದಿಸಿದವನು ಅವನು. ಊಟಕ್ಕೂ ಟೇಪು ಹಾಕಿಕೊಂಡೇ ಕೂರುತ್ತಿದ್ದ. ಇಂಥವನ ಅಳತೆ ತಪ್ಪುವುದುಂಟೇ? ಮುಖ ಬಿಗಿದುಕೊಂಡು ಗೋಡೆಯಿಂದ ಗೋಡೆಗೆ ಮತ್ತೆ ಅಳೆದ. ಒಂಬತ್ತು ಅಡಿ. ಜೇಬಿನಿಂದ ಚೀಟಿ ತೆಗೆದು ನೋಡಿದ. ಅವನದೇ ದುಂಡಕ್ಷರದಲ್ಲಿ ಒಂಬತ್ತು ಅಡಿ ಮೂರಿಂಚು ಎಂದಿತ್ತು.

ಬಟ್ಟೆ ಕತ್ತರಿಸುವಾಗ ಎರಡು ಬದಿಗೂ ಒಂದೂವರೆ ಇಂಚು ಬಿಡದ ದರ್ಜಿ ಒಂದು ವಾರವೂ ಅಂಗಡಿ ನಡೆಸಲಾರ. ಟೇಪಣ್ಣ ಬಿಟ್ಟಿದ್ದ. ಬಿಡಬೇಕೋ ಬೇಡವೋ ಎಂದು ಕೈ ಅವನನ್ನು ಕೇಳಿರಲಿಲ್ಲ.

"ಹೊಲಿಗೆಗೆ ಅಂತ ಸ್ವಲ್ಪ ಬಿಟ್ಟಿದೀನಿ" ಎಂದ ಸಣ್ಣ ದನಿಯಲ್ಲಿ.

"ಕಲ್ಲಿಗೆ ಹೊಲಿಗೆ ಹಾಕ್ತಾರಾ ಅಣ್ಣಾ?" ಎಂದು ಮೇಸ್ತ್ರಿ ಕೇಳಿದ. ಗೇಲಿಯಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದ.

ಈ ಕಲ್ಲಿನ ಉಸಾಬರಿ ಟೇಪಣ್ಣ ಯಾಕೆ ಹಚ್ಚಿಕೊಂಡ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಅವರ ಅಡುಗೆಮನೆ ಎಷ್ಟು ಇಕ್ಕಟ್ಟೆಂದರೆ ಒಬ್ಬರು ಬಗ್ಗಬೇಕಾದರೆ ಇನ್ನೊಬ್ಬರು ಹೊರಗೆ ಹೋಗಬೇಕು. ಅದರ ಒಂದು ಪಕ್ಕಕ್ಕೆ ಟೇಪಣ್ಣನ ಮೆಷಿನ್ ರೂಮು. ಆ ಗೋಡೆ ಒಡೆದು ರೂಮನ್ನು ಅಡುಗೆಮನೆಗೆ ಸೇರಿಸಿಬಿಡೋಣ ಎಂದು ಹೆಂಡತಿ ಎರಡು ವರ್ಷದಿಂದ ಹೇಳುತ್ತಿದ್ದಳು. ಟೇಪಣ್ಣ ಎರಡು ವರ್ಷದಿಂದ ಕೇಳಿಸದವನಂತೆ ಇದ್ದ. ಆ ಎಂಟಡಿ ರೂಮಿಗೆ ಒಂದು ಕಿಟಕಿ, ಒಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಚಿಲಕ. ಅಲ್ಲಿ ಮೆಷಿನ್ ತುಳಿಯುತ್ತ ಕೂತರೆ ಹೊರಗಿನ ಮಾತು ಒಂದೂ ಕೇಳಿಸದು, ಯಾರೂ ಅವನಿಗೆ ಏನೂ ಹೇಳರು. ಭೂಮಿಯ ಮೇಲೆ ಅಂಥ ಜಾಗ ಅವನಿಗೆ ಇನ್ನೊಂದಿರಲಿಲ್ಲ. ಅದನ್ನು ಕಳೆದುಕೊಳ್ಳುವ ಯೋಚನೆ ಬಂದರೇ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ.

ಹೋದ ವಾರ ಅಕ್ಕನ ಮನೆಗೆ ಹೊರಟು ನಿಂತ ಹೆಂಡತಿ, ಬ್ಯಾಗನ್ನು ಕೈಗೆತ್ತಿಕೊಂಡೇ ಕೊನೆಯ ಮಾತು ಹೇಳಿದ್ದಳು: "ನೋಡಿ, ಶನಿವಾರ ಸಂಜೆ ಐದಕ್ಕೆ ವಾಪಸ್ ಬರ್ತೀನಿ. ಅಷ್ಟರೊಳಗೆ ಅಡುಗೆಮನೆ ಅಗಲ ಮಾಡೋ ದಾರಿ ನಿಮಗೆ ಬೇರೆ ಏನಾದ್ರೂ ಹೊಳೆದ್ರೆ ಮಾಡಿಡಿ. ಇಲ್ಲಾಂದ್ರೆ ಭಾನುವಾರ ಆ ಗೋಡೆ ಒಡೆಸ್ತೀನಿ."

ಟೇಪಣ್ಣನಿಗೆ ಹೊಳೆಯಿತು. ಅಡುಗೆಮನೆಯ ಅರ್ಧವನ್ನು ನುಂಗಿ ಕೂತಿದ್ದ ಹಳೆಯ ದಪ್ಪ ಕಟ್ಟೆ ತೆಗೆದು, ಅಲ್ಲಿ ತೆಳ್ಳಗಿನ ಚಪ್ಪಡಿ ಕೂರಿಸಿ, ಅಡಿಯಲ್ಲಿ ಕಪಾಟು ಮಾಡಿಸಿದರೆ ಎರಡಡಿ ಜಾಗ ಉಳಿಯುತ್ತದೆ. ರೂಮೂ ಉಳಿಯುತ್ತದೆ. ಈ ದಿನವೇ ಆ ಶನಿವಾರ.

ಕಲ್ಲಿನ ಅಂಗಡಿಗೆ ಫೋನ್ ಮಾಡಿದ. ಕತ್ತರಿಸಿ ಕೊಡೋಣ, ಅದಕ್ಕೇನು, ಆದರೆ ಯಂತ್ರ ಅಂಗಡಿಯಲ್ಲಿದೆ, ಗಾಡಿ ಬರುವುದು ಸೋಮವಾರ ಎಂದರು. ಮೇಸ್ತ್ರಿ ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಸುಲಭದ ಉಪಾಯ ಹೇಳಿದ. ಗೋಡೆಯಲ್ಲಿ ಮೂರಿಂಚು ಆಳದ ಸಂದು ಕೊರೆದು ಚಪ್ಪಡಿಯ ತುದಿಯನ್ನು ಅದರೊಳಗೆ ನುಗ್ಗಿಸಿಬಿಟ್ಟರೆ ಆಯಿತು, ಇನ್ನೂ ಗಟ್ಟಿಯಾಗಿ ಕೂರುತ್ತದೆ. ಎಡಗಡೆ ಮೆಷಿನ್ ರೂಮಿನ ಗೋಡೆ, ಬಲಗಡೆ ಪಕ್ಕದ ಮನೆಯ ಗೋಡೆ. ಯಾವುದನ್ನು ಕೊರೆಯಲಿ?

"ಎಡಗಡೆಗೆ ಉಳಿ ತೋರಿಸಲೂ ಬೇಡ. ಬಲಗಡೆ ಕೊರಿ" ಎಂದ ಟೇಪಣ್ಣ. ಇಡೀ ದಿನದಲ್ಲಿ ಅವನು ಗಟ್ಟಿ ದನಿಯಲ್ಲಿ ಆಡಿದ ಮಾತು ಇದೊಂದೇ.

ಆ ಬೀದಿಯ ಹಳೆಯ ಮನೆಗಳೆಲ್ಲ ಜೋಡಿ ಮನೆಗಳು, ನಡುವೆ ಒಂದೇ ಗೋಡೆ. ಟೇಪಣ್ಣನ ಅಡುಗೆಮನೆಯ ಆಚೆಗೆ ಪಕ್ಕದವರ ಅಡುಗೆಮನೆ. ಅಲ್ಲಿ ಇದ್ದವರು ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಮತ್ತು ಅವರ ಗಂಡ, ಅವರೂ ನಿವೃತ್ತರೇ, ಸರ್ವೇಯರ್ ಆಗಿದ್ದವರು. ಆಕೆ ಶಾಲೆ ಬಿಟ್ಟು ಆರು ವರ್ಷವಾಗಿತ್ತು, ಶಾಲೆ ಆಕೆಯನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಕಟ್ಟೆ ಒಡೆಯುವ ಸದ್ದಿಗೇ ಬೀದಿ ಬಾಗಿಲಿಗೆ ಬಂದು, ಈ ಗದ್ದಲ ಎಷ್ಟು ಹೊತ್ತಿನವರೆಗೆ ಎಂದು ಕೇಳಿ ಹೋಗಿದ್ದರು. ಹತ್ತು ಗಂಟೆಯೊಳಗೆ ಎಲ್ಲ ನಿಶ್ಶಬ್ದ ಎಂದು ಟೇಪಣ್ಣ ಕೈ ಕಟ್ಟಿಕೊಂಡು ಮಾತು ಕೊಟ್ಟಿದ್ದ.

ಹತ್ತಕ್ಕೆ ಸರಿಯಾಗಿ ಮೇಸ್ತ್ರಿಯ ಉಳಿಯ ಏಟಿಗೆ ಒಂದು ಇಡೀ ಇಟ್ಟಿಗೆ ಆಚೆಗೆ ಜಾರಿತು. ಆಚೆ ಕಡೆ ತಗಡಿನ ಡಬ್ಬಿಯೊಂದು ಉರುಳಿದ ಶಬ್ದ ಬಂತು. ಆಮೇಲೆ ತೂತಿನಲ್ಲಿ ಒಂದು ಕನ್ನಡಕ ಕಾಣಿಸಿತು. ಕನ್ನಡಕದ ಮೇಲೆಲ್ಲ ಬಿಳಿಯ ಹಿಟ್ಟು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಎಂಬ ಮಾತನ್ನು ಟೇಪಣ್ಣ ಚಿಕ್ಕಂದಿನಿಂದ ಕೇಳಿದ್ದ, ನೋಡಿದ್ದು ಅಂದೇ ಮೊದಲು.

"ಇದನ್ನ ಮುಚ್ಚಿ" ಎಂದರು ಹೆಡ್‌ಮಿಸ್ಟ್ರೆಸ್.

ಮುಚ್ಚುವುದೇನೋ ಸರಿ, ಆದರೆ ಅದಕ್ಕೊಂದು ಕ್ರಮವಿದೆ ಎಂದು ಮೇಸ್ತ್ರಿ ವಿವರಿಸಿದ. ಸುತ್ತಲಿನ ಸಡಿಲ ಇಟ್ಟಿಗೆ ತೆಗೆಯದೆ ಹೊಸದನ್ನು ಕೂರಿಸಿದರೆ ನಿಲ್ಲುವುದಿಲ್ಲ. ಅವನು ಒಂದು ಸಡಿಲ ಇಟ್ಟಿಗೆ ತೆಗೆದ. ಅದು ಹಳೆಯ ಮಣ್ಣಿನ ಗಾರೆಯ ಗೋಡೆ. ಒಂದು ಹೊರಟರೆ ಅದರ ನಂಟರಿಷ್ಟರೆಲ್ಲ ಜೊತೆಗೆ ಹೊರಡುತ್ತಿದ್ದರು. ಹನ್ನೊಂದಕ್ಕೆ ತೂತು ಕಿಟಕಿಯಷ್ಟಾಯಿತು. ಹೆಡ್‌ಮಿಸ್ಟ್ರೆಸ್ ಆ ಕಿಟಕಿಯ ಮುಂದೆ ಕುರ್ಚಿ ಹಾಕಿ ಕೂತರು. ಮೇಸ್ತ್ರಿ ಗಾರೆ ಕಲಸುವ ರೀತಿ ತಪ್ಪು ಎಂದರು, ಆಳುಗಳು ನಿಲ್ಲುವ ರೀತಿ ತಪ್ಪು ಎಂದರು, ಟೇಪಣ್ಣ ಸುಮ್ಮನೆ ನಿಂತಿದ್ದಕ್ಕೆ, ಉತ್ತರ ಗೊತ್ತಿಲ್ಲದವರು ಹೀಗೇ ನಿಲ್ಲೋದು ಎಂದರು.

ಹನ್ನೆರಡಕ್ಕೆ ಸರ್ವೇಯರ್ ಬಂದರು. ಅವರು ಮಾತಿಗಿಂತ ಮೊದಲು ಸೀಮೆಸುಣ್ಣ ತೆಗೆಯುವ ಮನುಷ್ಯ. ಗೋಡೆಯ ದಪ್ಪ ಅಳೆದರು, ನಾಲ್ಕೂವರೆ ಇಂಚು. ನಡುಮಧ್ಯೆ ಒಂದು ಗೆರೆ ಎಳೆದು, ಈಚೆಗಿನ ಎರಡೂಕಾಲು ಇಂಚು ನಿಮ್ಮದು, ಆಚೆಗಿನ ಎರಡೂಕಾಲು ಇಂಚು ನಮ್ಮದು, ನಿಮ್ಮದನ್ನು ನೀವು ಏನಾದರೂ ಮಾಡಿಕೊಳ್ಳಿ, ನಮ್ಮದನ್ನು ಮುಟ್ಟಬಾರದು ಎಂದು ತೀರ್ಮಾನ ಕೊಟ್ಟರು. ಒಂದೇ ಇಟ್ಟಿಗೆಯಲ್ಲಿ ಅರ್ಧ ತೆಗೆದು ಅರ್ಧ ಬಿಡುವುದು ಹೇಗೆಂದು ಮೇಸ್ತ್ರಿ ಕೇಳಿದ. ಅದು ಕಾಮಗಾರಿಯ ಪ್ರಶ್ನೆ, ಗಡಿಯ ಪ್ರಶ್ನೆಯಲ್ಲ ಎಂದರು ಸರ್ವೇಯರ್. ಅಷ್ಟರಲ್ಲಿ ಗೆರೆ ಎಳೆಸಿಕೊಂಡ ಇಟ್ಟಿಗೆಯೂ ಬಿತ್ತು. ಅವರು ಅದರ ಕೆಳಗಿನ ಇಟ್ಟಿಗೆಗೆ ಗೆರೆ ಮುಂದುವರಿಸಿದರು.

ಎರಡು ಗಂಟೆಗೆ ಕಿಟಕಿ ಬಾಗಿಲಿನಷ್ಟಾಯಿತು. ಮೇಸ್ತ್ರಿ ಬೆವರು ಒರೆಸಿಕೊಂಡು, ಮೊದಲು ಚಪ್ಪಡಿಯನ್ನು ಕೂರಿಸಿಬಿಡೋಣ, ಅದರ ಮೇಲೇ ಗೋಡೆ ಕಟ್ಟಿಕೊಂಡು ಹೋದರಾಯಿತು ಎಂದ. ಟೇಪಣ್ಣ ಗಡಿಯಾರ ನೋಡಿ ಒಪ್ಪಿದ. ತಾನೂ ಒಂದು ಕೈ ಕೊಟ್ಟ. ನಾಲ್ವರೂ ಚಪ್ಪಡಿಯನ್ನೆತ್ತಿ ಬಲಕ್ಕೆ ತಳ್ಳಿದರು. ಕೊರಳಿನ ಟೇಪು ಕಲ್ಲಿನಡಿ ಸಿಕ್ಕಿಕೊಂಡು ಟೇಪಣ್ಣ ಮುಗ್ಗರಿಸಿದ, ಅವನ ಭಾರವೂ ಕಲ್ಲಿನ ಭಾರವೂ ಸೇರಿ ಉಳಿದ ಗೋಡೆಗೆ ಒರಗಿದವು. ಗೋಡೆ ದಬಕ್ಕನೆ ಬೀಳಲಿಲ್ಲ. ಇಡೀ ದಿನ ನಿಂತು ಸಾಕಾದ ಮುದುಕನಂತೆ ನಿಧಾನವಾಗಿ ಕುಳಿತುಕೊಂಡಿತು. ಮೇಲೆ ಮರದ ತೊಲೆ ಇದ್ದುದರಿಂದ ಮಾಡಿಗೆ ಏನೂ ಆಗಲಿಲ್ಲ.

ಧೂಳು ಇಳಿದಾಗ ಎರಡು ಅಡುಗೆಮನೆ ಇದ್ದಲ್ಲಿ ಒಂದೇ ಇತ್ತು. ಹೆಡ್‌ಮಿಸ್ಟ್ರೆಸ್ ಕುರ್ಚಿಯಿಂದ ಏಳದೆ ಎರಡು ಮನೆಗೂ ಸೇರಿದವರಾಗಿದ್ದರು. ಚಪ್ಪಡಿಯ ಕೊನೆಯ ಮೂರಿಂಚು ಅವರ ಕಡೆಗೆ ಚಾಚಿಕೊಂಡು, ಒಡೆಯದೆ, ನೆಟ್ಟಗೆ ಕೂತಿತ್ತು.

"ಗಡಿ ಎಲ್ಲಿ?" ಎಂದು ಸರ್ವೇಯರ್ ತಮ್ಮಷ್ಟಕ್ಕೆ ಕೇಳಿಕೊಂಡರು. ಆ ಪ್ರಶ್ನೆಯಲ್ಲಿ ನಿಜವಾದ ದುಃಖವಿತ್ತು.

ಗೋಡೆ ಹೊಸದಾಗಿ ಕಟ್ಟಲು ಮೂರು ದಿನ ಬೇಕು, ಇಟ್ಟಿಗೆ ಬರುವುದೇ ಸೋಮವಾರ ಎಂದು ಹೇಳಿ ಮೇಸ್ತ್ರಿ ಮಣ್ಣು ಎತ್ತಿಸಲು ಶುರುಮಾಡಿದ. ಟೇಪಣ್ಣ ಮೆಷಿನ್ ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತ. ಹೆಂಡತಿ ಬಂದು ಏನಂದಾಳು ಎಂದು ಅವನಿಗೆ ಗೊತ್ತಿತ್ತು. ಒಂದು ಚಪ್ಪಡಿ ಕೂರಿಸಲು ಬಾರದವರ ಮಾತು ಇನ್ನೇನು ಕೇಳುವುದು, ನಾಳೆ ಈ ಗೋಡೆಯನ್ನೂ ಒಡೆಸುತ್ತೇನೆ ಎನ್ನುತ್ತಾಳೆ. ಮೇಸ್ತ್ರಿ ಬೇರೆ ಮನೆಯಲ್ಲೇ ಇದ್ದಾನೆ, ಉಳಿಯೂ ಕೈಯಲ್ಲೇ ಇದೆ. ಟೇಪಣ್ಣ ಗೋಡೆಯ ಮೇಲೆ ಅಂಗೈ ಇಟ್ಟ.

ಐದಕ್ಕೆ ಸರಿಯಾಗಿ ಹೆಂಡತಿ ಬಂದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ, ಯಾರೂ ಅವಳಿಗೆ ಏನನ್ನೂ ವಿವರಿಸಲಿಲ್ಲ. ಅವಳು ಬ್ಯಾಗನ್ನು ಚಪ್ಪಡಿಯ ಮೇಲಿಟ್ಟಳು. ಈ ತುದಿಯಿಂದ ಆ ತುದಿಗೆ ನಡೆದಳು. ನಡುವೆ ಒಂದು ಕಡೆ ನಿಂತು, ಎರಡೂ ಕೈ ಚಾಚಿ, ಒಂದು ಸುತ್ತು ತಿರುಗಿದಳು. ಕೈಗೆ ಏನೂ ತಾಗಲಿಲ್ಲ.

"ಎಷ್ಟು ಬೆಳಕು ನಿಮ್ಮ ಕಡೆ" ಎಂದರು ಹೆಡ್‌ಮಿಸ್ಟ್ರೆಸ್, ಕುರ್ಚಿಯಿಂದಲೇ. "ನನ್ನದು ಮೂವತ್ತು ವರ್ಷದಿಂದ ಗುಹೆ."

"ನಿಮ್ಮ ಕಡೆ ಎಷ್ಟು ಕಪಾಟು" ಎಂದಳು ಹೆಂಡತಿ.

ಆಮೇಲೆ ನಡೆದ ಮಾತುಕತೆಯಲ್ಲಿ ಗಂಡಸರಿಗೆ ಪಾಲಿರಲಿಲ್ಲ. ಗೋಡೆ ಕಟ್ಟಿಸುವುದು ಬೇಡ. ಬೆಳಿಗ್ಗೆಯ ಅಡುಗೆ ಒಬ್ಬರದು, ರಾತ್ರಿಯದು ಇನ್ನೊಬ್ಬರದು. ಸರ್ವೇಯರ್ ಗಡಿಯ ವಿಷಯ ಎತ್ತಿದಾಗ, ನೆಲದ ಮೇಲೆ ಒಂದು ಗೆರೆ ಎಳೆದುಕೊಂಡು ಸುಮ್ಮನಿರಿ ಎಂದು ಅವರ ಹೆಂಡತಿ ಹೇಳಿದರು. ಅವರು ಎಳೆದುಕೊಂಡು ಸುಮ್ಮನಾದರು.

ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡ ಟೇಪಣ್ಣ ಚಿಲಕ ತೆಗೆದು ಹೊರಗೆ ಬಂದ. ಇಷ್ಟು ವಿಶಾಲವಾದ ಮೇಲೆ ಇನ್ನು ಯಾವ ಗೋಡೆ ಯಾರಿಗೆ ಬೇಕು? ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೂ ಬಾಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳೋಣ ಎನಿಸಿತು. ಎನಿಸಬಾರದಿತ್ತು.

"ಹಾಗಾದ್ರೆ ನನ್ನ ರೂಮಿನ ಗೋಡೆ?"

"ಅದನ್ನ ಮುಟ್ಟೋ ಹಾಗೇ ಇಲ್ಲ" ಎಂದಳು ಹೆಂಡತಿ. ಟೇಪಣ್ಣ ಕಣ್ಣು ಮುಚ್ಚಿ ಉಸಿರು ಬಿಟ್ಟ. "ಗೋಡೆ ಇರಲೇಬೇಕು. ಆ ರೂಮಲ್ಲಿ ಊಟಕ್ಕೆ ಕೂತೋರಿಗೆ ಎಣ್ಣೆ ಘಾಟು ಬಡೀಬಾರದಲ್ಲ. ನಾಲ್ಕು ಜನ ಒಟ್ಟಿಗೆ ಕೂರೋಕೆ ಬೇರೆ ಜಾಗ ಎಲ್ಲಿದೆ? ಅವರ ನಡುಮನೆ ತುಂಬ ನಕ್ಷೆ, ನಮ್ಮದ್ರಲ್ಲಿ ಮಂಚ."

"ಮತ್ತೆ ನನ್ನ ಮೆಷಿನ್ನು?"

ಹೆಂಡತಿ ಅವನನ್ನು ಅಕ್ಕರೆಯಿಂದ ನೋಡಿದಳು. ಎರಡು ವರ್ಷದಲ್ಲಿ ಅವಳು ಹಾಗೆ ನೋಡಿದ್ದು ಅದೇ ಮೊದಲು. "ನೀವೇ ಇಷ್ಟು ಜಾಗ ಮಾಡಿಕೊಟ್ಟಿದೀರಿ. ನಿಮಗೆ ಇಲ್ಲ ಅಂತೀನಾ?"

ಮೇಸ್ತ್ರಿಯೂ ಆಳುಗಳೂ ನಡುಮನೆಯ ಒಲೆಯನ್ನು ಚಪ್ಪಡಿಯ ಮೇಲಿಟ್ಟು, ಮೆಷಿನ್ನನ್ನು ಹೊತ್ತು ತಂದು ಅಡುಗೆಮನೆಯ ನಟ್ಟನಡುವೆ, ಎರಡು ಒಲೆಗಳಿಗೂ ಸಮದೂರದಲ್ಲಿ, ಸರ್ವೇಯರ್ ತೋರಿಸಿದ ಗೆರೆಯ ಮೇಲೆ ಇಳಿಸಿದರು. ಟೇಪಣ್ಣ ಸ್ಟೂಲಿನ ಮೇಲೆ ಕೂತು ಸೂಜಿಗೆ ದಾರ ಪೋಣಿಸಿದ. ಸುತ್ತ ಎಲ್ಲೂ ಚಿಲಕ ಹಾಕಿಕೊಳ್ಳಲು ಬಾಗಿಲಿರಲಿಲ್ಲ.

"ನೋಡಿ, ಹೇಗೂ ಅಲ್ಲೇ ಕೂತಿದೀರಲ್ಲ, ಹಾಲು ಉಕ್ಕದ ಹಾಗೆ ನೋಡ್ಕೊಳ್ಳಿ" ಎಂದಳು ಹೆಂಡತಿ ಎಡಗಡೆಯಿಂದ.

"ನಮ್ಮದನ್ನೂ" ಎಂದರು ಹೆಡ್‌ಮಿಸ್ಟ್ರೆಸ್ ಬಲಗಡೆಯಿಂದ.