ಹತ್ತು ಲಕ್ಷದ ಒಂಬತ್ತು

ಓಶ್ ಪಟ್ಟಣದ ಬಸ್ ಡ್ರೈವರ್ ಎರ್ಮೆಕ್‌ನ ಮದುವೆಗೆ ಅಡ್ಡ ಬಂದದ್ದು ಅಂತಸ್ತಲ್ಲ, ಹಳೆಯ ಹಗೆಯೂ ಅಲ್ಲ, ಒಂದು ಸಂಖ್ಯೆ: ೧೦,೦೦,೦೦೯.

ಅವನು ಮೆಚ್ಚಿದ ಹುಡುಗಿ ನೂರ್ಜಾತ್‌ಳ ಅಪ್ಪ ಸಪರ್ ಗಣಿತದ ಮೇಷ್ಟ್ರು. ಈ ಸಂಖ್ಯೆಯನ್ನು ಮುದ್ದಿನ ಕುದುರೆಯಂತೆ ಸಾಕಿಕೊಂಡಿದ್ದರು. ಸಾವಿರದ ವರ್ಗಕ್ಕೆ ಮೂರರ ವರ್ಗ ಕೂಡಿಸಿದರೆ ಇದೇ ಬರುತ್ತದೆ. ಒಂದು ಮತ್ತು ತಾನು ಬಿಟ್ಟರೆ ಇದು ಯಾರಿಂದಲೂ ಭಾಗವಾಗದು ಎಂದು ಮೂವತ್ತು ವರ್ಷ ಪಾಠ ಮಾಡಿದ್ದರು. ಬೆಳಿಗ್ಗೆ ಹೆಣ್ಣು ಕೇಳಲು ಹೋದ ಎರ್ಮೆಕ್‌ಗೆ ಹೇಳಿದರು:

"ನಂಗೆ ಗೊತ್ತಿಲ್ದಿರೋ ಒಂದು ಗುಣ ಅದ್ರಲ್ಲಿ ಹುಡುಕ್ಕೊಂಡು ಬಾ. ಸಂಜೆಯೊಳಗೆ ತಂದ್ರೆ ಶುಕ್ರವಾರ ಮದುವೆ. ಇಲ್ದಿದ್ರೆ ಹುಡುಗಿ ದನದ ಡಾಕ್ಟ್ರಿಗೆ."

ಎರ್ಮೆಕ್‌ಗೆ ಏಳರ ಮಗ್ಗಿಯೇ ಬಾರದು. ಪೇಟೆಗೆ ಬಂದು ರೊಟ್ಟಿ ಸುಡುವ ಇಕ್ರಾಮ್‌ನ ಕಿವಿಯಲ್ಲಿ ಗುಟ್ಟಾಗಿ ತೋಡಿಕೊಂಡ. ಇಕ್ರಾಮ್‌ಗೆ ಗುಟ್ಟು ಹೇಳುವುದೂ ಊರಲ್ಲಿ ಡಂಗುರ ಹೊಡೆಸುವುದೂ ಒಂದೇ. ಭಾಗಿಸುವ ಸಂಖ್ಯೆಯೊಂದು ಸಿಕ್ಕರೆ ಮೇಷ್ಟ್ರಿಗೆ ಗೊತ್ತಿಲ್ಲದ ಗುಣ ಅದೇ ಎಂದು ಚಹಾದ ಹೊತ್ತಿಗೆ ಪೇಟೆಗೆ ಪೇಟೆಯೇ ಭಾಗಾಕಾರಕ್ಕೆ ಕೂತಿತು. ನೂರರವರೆಗೆ ಇಕ್ರಾಮ್ ಮತ್ತು ಕಟುಕ ಸೊಲ್ತೊನ್, ಇನ್ನೂರರವರೆಗೆ ಕ್ಷೌರಿಕ, ಅಲ್ಲಿಂದಾಚೆ ಒಣ ಜರ್ದಾಳು ಮಾರುವ ತುರ್ದಿಖಾನ್ ಅಕ್ಕ. ಒಲೆಯಲ್ಲಿ ರೊಟ್ಟಿ ಕರಕಲಾಯಿತು. ಯಾರೋ ಗಿರಾಕಿ ಅರ್ಧ ಮೀಸೆಯಲ್ಲೇ ಮನೆಗೆ ಹೋದ.

ಮೊದಲು ಕೂಗಿದವನು ಸೊಲ್ತೊನ್. ಹದಿನೇಳರಿಂದ ಭಾಗವಾಗುತ್ತದಂತೆ.

"ಒಂದು ಉಳೀತದೆ, ಅಷ್ಟೆ. ಇಷ್ಟು ದೊಡ್ಡದ್ರಲ್ಲಿ ಒಂದು ಯಾವ ಮೂಲೆಗೆ? ತಕ್ಕಡೀಲಿ ನಾನು ದಿನಾ ಬಿಡ್ತೀನಿ."

ಎರ್ಮೆಕ್ ಅದನ್ನೇ ನಂಬಿ ಓಡಿದ. ಮೇಷ್ಟ್ರು ಉಳಿದ ಒಂದನ್ನು ನೀನೇ ಇಟ್ಟುಕೋ ಎಂದು ಬಾಗಿಲು ಹಾಕಿದರು.

ಹೊತ್ತು ಇಳಿಯುತ್ತಿದ್ದಾಗ ತುರ್ದಿಖಾನ್ ಅಕ್ಕ ಲೆಕ್ಕ ಹಾಕುತ್ತಿದ್ದ ಮಣಿ ಚೌಕಟ್ಟು ಸದ್ದು ನಿಲ್ಲಿಸಿತು. ೨೯೩ರಿಂದ ಭಾಗಿಸಿದರೆ ೩೪೧೩, ಏನೂ ಉಳಿಯಲಿಲ್ಲ. ಮೂರು ಸಲ ಮಣಿ ತಳ್ಳಿ ನೋಡಿದಳು, ಉಳಿಯಲೇ ಇಲ್ಲ.

ಪೇಟೆಯೆಲ್ಲ ಮೆರವಣಿಗೆಯಂತೆ ಮೇಷ್ಟ್ರ ಮನೆಗೆ ಹೋಯಿತು. ಅವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುಣಿಸಿದರು. ಅಳಿಸಿ ಮತ್ತೆ ಗುಣಿಸಿದರು. ಆಮೇಲೆ ಕುಸಿದು ಕೂತರು.

"ಮೂವತ್ತು ವರ್ಷ ಸುಳ್ಳು ಪಾಠ ಮಾಡ್ದೆನಲ್ಲಪ್ಪ. ಯಾರು ಹುಡುಕಿದ್ದು?"

"ಇವ್ನೇ ಮೇಷ್ಟ್ರೇ, ಒಬ್ನೇ. ಬಸ್ ಓಡಿಸ್ತಾ ಓಡಿಸ್ತಾ," ಎಂದಳು ತುರ್ದಿಖಾನ್ ಅಕ್ಕ. ಎಲ್ಲರೂ ತಲೆಯಾಡಿಸಿದರು.

ಮೇಷ್ಟ್ರು ಎದ್ದು ಎರ್ಮೆಕ್‌ನನ್ನು ಅಪ್ಪಿಕೊಂಡರು. ಕಣ್ಣು ತುಂಬಿಬಂದಿತ್ತು.

"ಇಂಥ ತಲೆ ಬಸ್ಸಲ್ಲಿ ಕೊಳೀಬಾರ್ದು ಮಗನೇ. ಮದುವೆಗೇನು ಅವಸರ? ರಾಜಧಾನೀಲಿ ಐದು ವರ್ಷ ಗಣಿತ ಓದ್ಕೊಂಡು ಬಾ. ಹುಡುಗಿ ಕಾಯ್ತಾಳೆ."

ಬಾಗಿಲ ಮರೆಯಲ್ಲಿ ನೂರ್ಜಾತ್ ಹಣೆ ಚಚ್ಚಿಕೊಂಡಳು. ನಿಜ ಹೇಳಿಬಿಡೋಣವೆಂದು ಎರ್ಮೆಕ್ ಬಾಯಿ ತೆರೆದ; ಹೇಳಿದರೆ ದನದ ಡಾಕ್ಟರು. ಅವನು ಹಾಗೆ ತಡವರಿಸುವಷ್ಟರಲ್ಲಿ ಕೇರಿಯ ಹಿರಿಯಜ್ಜ ಎರಡೂ ಅಂಗೈ ಎತ್ತಿ, ಹುಡುಗನ ಓದು ಕೈಗೂಡಲಿ ಎಂದು ಹರಸಿಬಿಟ್ಟ. ಪೇಟೆಯವರೆಲ್ಲ ಆಮೀನ್ ಎಂದು ಮುಖ ಸವರಿಕೊಂಡರು. ಹಾಗೆ ಸವರಿಕೊಂಡ ಮೇಲೆ ಓಶ್‌ನಲ್ಲಿ ಯಾವ ಮಾತೂ ಹಿಂದಕ್ಕೆ ಹೋಗುವುದಿಲ್ಲ.

ಎರ್ಮೆಕ್ ಕೂಡ ಸವರಿಕೊಂಡ. ಕಣ್ಣೀರನ್ನೂ ಅದರಲ್ಲೇ ಒರೆಸಿಕೊಂಡ.