ಕಾಫಿ ಹಾಕಿದ ಟವೆಲ್

ಬೆಳಿಗ್ಗೆ ಎದ್ದು ನಲ್ಲಿ ನೀರು ಹಿಡಿದೆ, ಅಂಗಡಿ ಗುಡಿಸಿದೆ, ಗುಡಿಸಿದ ಧೂಳನ್ನು ಎಸೆಯದೆ ಡಬ್ಬಿಗೆ ತುಂಬಿದೆ (ಅಕ್ಕಸಾಲಿಗರ ಧೂಳಿಗೂ ಬೆಲೆಯುಂಟು), ದೀಪ ಹಚ್ಚಿದೆ, ಒಂದು ಮೂಗುತಿಗೆ ತಿರುಪು ಹಾಕಿಕೊಟ್ಟೆ, ಕಾಫಿ ಕುಡಿಯಲಿಲ್ಲ. ಕೊನೆಯದು ಒಂದು ಕೆಲಸವೇ ಎನ್ನುವವರು ಒಂದು ದಿನ ಮಾಡಿ ನೋಡಬೇಕು.

ತಾಳಿ ಮಾಡುವ ದಿನ, ಅದು ಮುಗಿಯುವವರೆಗೆ ನಾನು ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಕೃಷ್ಣರಾಜಪೇಟೆಯ ಈ ಅಂಗಡಿಯ ಜೊತೆಗೆ, ಇಕ್ಕಳ-ಊದುಗೊಳವೆಗಳ ಜೊತೆಗೆ, ಈ ಉಪವಾಸವೂ ಅಪ್ಪನಿಂದಲೇ ಬಂದದ್ದೆಂದು ನಂಬಿ ನಡೆಸಿಕೊಂಡು ಬಂದಿದ್ದೇನೆ. ಮೊದಲೆಲ್ಲ ಬಿಸಿಲೇರುವ ಮುಂಚೆಯೇ ಕೆಲಸ ಮುಗಿಯುತ್ತಿತ್ತು. ಈಗ ವಯಸ್ಸಿನ ಕೈ, ಕನ್ನಡಕದ ಕಣ್ಣು. ಮಧ್ಯಾಹ್ನವಾದರೂ ತಾಳಿಬೊಟ್ಟಿಗೆ ಕೊಂಡಿ ಬೆಸೆಯುವುದು ಬಾಕಿ ಉಳಿದಿತ್ತು. ಅಲ್ಲೇ ಇರುವುದು ಕಷ್ಟ. ಊದುವ ಉಸಿರು ಒಂದೇ ಸಮ ಹೋಗಬೇಕು, ಸ್ವಲ್ಪ ಜೋರಾದರೆ ಬೊಟ್ಟೇ ಕರಗಿ ಗುಂಡಾಗುತ್ತದೆ. ತಾಳಿ ಕರಗಿತೆಂಬ ಸುದ್ದಿ ಮದುವೆ ಮನೆಗೆ ಮುಟ್ಟಿದರೆ ಆಮೇಲೆ ಯಾವ ಸಮಾಧಾನವೂ ನಡೆಯುವುದಿಲ್ಲ.

ನನಗೋ ತಲೆ ಸಿಡಿಯುತ್ತಿತ್ತು, ಕಣ್ಣೆಳೆಯುತ್ತಿತ್ತು. ತಾಳಿ ಒಯ್ಯಲು ಚಿನಕುರಳಿಯಿಂದ ಬಂದು ಬೆಂಚಿನ ಮೇಲೆ ಕೂತಿದ್ದ ಮದುವೆ ಹುಡುಗಿಯ ತಾತ ಚಿಕ್ಕೇಗೌಡರು ಗಾಬರಿಯಾದರು.

"ಆಚಾರ್ರೆ, ತೂಕಡಿಸ್ತಿದ್ದೀರಲ್ರೀ! ನನ್ ಮೊಮ್ಮಗಳ ತಾಳಿ ಕಣ್ರೀ, ಕರುಗಿಸ್ಬುಟ್ಟೀರ!"

ರಜೆಗೆಂದು ಬಂದಿದ್ದ ನನ್ನ ತಂಗಿಯ ಮಗಳು ಭವ್ಯ ಒಳಗಿನಿಂದ ಬಂದಳು. ಅವಳು ನಾಗಮಂಗಲದ ಕಡೆ ಔಷಧ ಶಾಸ್ತ್ರ ಓದುತ್ತಿದ್ದಾಳೆ. ನನ್ನ ಮುಖ ನೋಡಿ, "ಮಾವ, ನಿಮ್ ತಲೆ ಒಳಗೆ ಅಡಿನೋಸಿನ್ ಬಂದು ಕೂತ್ಬುಟ್ಟಿದೆ" ಎಂದಳು.

"ಯಾವೂರೋನವ್ವ ಅವ್ನು?" ಎಂದರು ಗೌಡರು.

ಭವ್ಯ ನಕ್ಕು, ತಾನು ಓಡಾಡುವ ನಾಗಮಂಗಲದ ಬಸ್ಸನ್ನೇ ಮಾತಿನಲ್ಲಿ ತಂದು ನಮ್ಮ ಮುಂದೆ ನಿಲ್ಲಿಸಿದಳು. ಇಬ್ಬರು ಕೂರುವ ಸೀಟು. ಒಂದು ಕಡೆ ಕೂರಬೇಕಾದವನು ಡೋಪಮೈನ್, ಕೆಲಸಕ್ಕೆ ಹುರುಪು ಕೊಡುವವನು. ಇನ್ನೊಂದು ಕಡೆ ಅಡಿನೋಸಿನ್, ನಿದ್ದೆ ಎಳೆದು ತರುವವನು. ಎಚ್ಚರವಿದ್ದಷ್ಟು ಹೊತ್ತೂ ಮೈಯಲ್ಲಿ ಅವನು ಹೆಚ್ಚುತ್ತಲೇ ಹೋಗುತ್ತಾನೆ. ಆ ದಢೂತಿ ಆಸಾಮಿ ಕೂತನೆಂದರೆ ಪಕ್ಕದ ಡೋಪಮೈನ್ ಅರ್ಧ ಕುಂಡಿ ಊರಿ ಜಾರುತ್ತಿರಬೇಕು.

"ಎದ್ದು ಬೇರೆ ಸೀಟಿಗೆ ಹೋಗಬಾರದೇನೇ?" ಎಂದೆ.

"ಆ ಎರಡು ಸೀಟೂ ಒಂದಕ್ಕೊಂದು ಬೆಸೆದಿರ್ತವೆ ಮಾವ, ನಿಮ್ ಬೊಟ್ಟು-ಕೊಂಡಿ ಥರ. ಒಂದರಲ್ಲಿ ಭಾರ ಬಿದ್ರೆ ಇನ್ನೊಂದರ ಆಕಾರವೇ ಬದಲಾಗುತ್ತೆ."

ಬೆಸುಗೆ ಎಂದ ಕೂಡಲೇ ನನ್ನ ತಲೆನೋವು ಅರ್ಧ ಮರೆತೇಹೋಯಿತು. ಇಷ್ಟು ವರ್ಷ ಬೆಸುಗೆ ಹಾಕಿಕೊಂಡೇ ಬದುಕಿದವನು ನಾನು. ನನ್ನ ತಲೆಯೊಳಗೇ ಬೆಂಕಿಯಿಲ್ಲದೆ, ಬಿಳಿಗಾರವಿಲ್ಲದೆ, ಕಣ್ಣಿಗೂ ಕಾಣದ ಬೆಸುಗೆ! ಅದು ಬಿಟ್ಟುಹೋಗುವುದುಂಟೇ, ಮತ್ತೆ ಕೂಡುವುದುಂಟೇ ಎಂದು ಕೇಳುತ್ತಲೇ ಹೋದೆ. ಕೊನೆಗೆ, "ಮತ್ತೆ ಕಾಫಿಯದೇನು ಕೆಲಸ?" ಎಂದೆ.

"ಕಾಫಿಯಲ್ಲಿರೋ ಕೆಫೀನು ಕಿಟಕಿಯಿಂದ ಹಾಕೋ ಟವೆಲ್ ಇದ್ದಂಗೆ. ಅದೇನೂ ಪ್ರಯಾಣ ಮಾಡಲ್ಲ. ಸೀಟು ಹಿಡಿದಿರುತ್ತೆ ಅಷ್ಟೆ. ದಢೂತಿ ನಿಂತೇ ಇರ್ತಾನೆ, ಡೋಪಮೈನ್ ಆರಾಮಾಗಿ ಕೂರ್ತಾನೆ. ಆದ್ರೆ ನಿಮ್ಮಂಗೆ ದಿನಾ ಟವೆಲ್ ಹಾಕೋರಿಗೆ ಮೈಯೇ ಅಡಿನೋಸಿನ್‌ಗೆ ಇನ್ನಷ್ಟು ಸೀಟು ಮಾಡ್ಕೊಡುತ್ತೆ. ಇವತ್ತು ಟವೆಲ್ ಇಲ್ಲ, ಎಲ್ಲ ಸೀಟಲ್ಲೂ ಅವನೇ!"

ಗೌಡರು ತಮ್ಮ ಹೆಗಲ ಟವೆಲ್ ತೆಗೆದು ನನ್ನ ತಲೆಯ ಮೇಲೆ ಹಾಕಿಯೇಬಿಟ್ಟರು. "ತಕ್ಕಳಿ, ಇಡುದ್ಬುಟ್ಟೆ ಸೀಟ! ಅಲ್ಲ ಕಣ್ರೀ, ಕಾಫಿ ಕುಡಿಯಕ್ಕೇನು ದಾಡಿ ನಿಮ್ಗೆ?"

"ಅಪ್ಪನ ಕಾಲದ ಪದ್ಧತಿ ಗೌಡರೇ. ತಾಳಿ ಮುಗಿಯೋವರೆಗೂ ಉಪವಾಸ."

"ಯಾರು, ನಿಮ್ಮಪ್ಪನಾ? ನನ್ ಮದ್ವೆ ತಾಳಿ ಮಾಡ್ದಾಗ ಇದೇ ಬೆಂಚ್ ಮೇಲೆ ಕುಂತಿದ್ದೆ ನಾನು. ಚೊಂಬಲ್ಲಿ ಬೆಲ್ಲದ ಕಾಫಿ ತರುಸ್ಕಂಡು ಕುಡುದು, ಬಾಯಿ ಮುಕ್ಕಳ್ಸಿ, ಆಮೇಲೆ ಊದಕ್ಕೆ ಕುಂತ್ರು. ನಂಗೂ ಅರ್ಧ ಲೋಟ ಕೊಟ್ರು!"

ಬಾಗಿಲ ಬಳಿ ನಿಂತಿದ್ದ ನನ್ನ ಹೆಂಡತಿ ಜಯ ಒಳಗೆ ಹೋಗಿ ಒಲೆ ಹಚ್ಚಿದಳು. ಅಪ್ಪ ಬಾಯಿ ಮುಕ್ಕಳಿಸಿ ಕೂರುತ್ತಿದ್ದುದನ್ನು ಚಿಕ್ಕಂದಿನಲ್ಲಿ ನಾನೂ ನೋಡಿದ್ದೆ. ಅದಕ್ಕೆ ಮುಂಚೆ ಏನು ನಡೆಯುತ್ತಿತ್ತೆಂದು ನೋಡಲು ಅಷ್ಟು ಬೇಗ ಎದ್ದಿರಲಿಲ್ಲ. ಉಳಿದ ಶಾಸ್ತ್ರವೆಲ್ಲ ನನ್ನದೇ ಸೇರ್ಪಡೆ.

ಕಾಫಿ ಕುಡಿದೆ, ಮುಕ್ಕಳಿಸಿದೆ, ಊದುಗೊಳವೆ ಹಿಡಿದೆ. "ಎಲ್ಲ ಸೀಟೂ ಖಾಲಿಯಾಯ್ತು ಕಣೇ ಭವ್ಯ" ಎಂದೆ.

"ಮಾವ, ಅದಿನ್ನೂ ಹೊಟ್ಟೆಯಿಂದ ಆಚೆಗೇ ಹೋಗಿಲ್ಲ. ಸ್ವಲ್ಪ ತಡೀರಿ!"

ತಡೆದೆವು. ಆಮೇಲೆ ಊದಿದೆ. ಗೌಡರು ತಮ್ಮ ಉಸಿರನ್ನೇ ಬಿಗಿಹಿಡಿದಿದ್ದರು. ಕೊಂಡಿ ಕೂತಿತು, ಬೊಟ್ಟು ಉಳಿಯಿತು. ಅರಿಸಿನದ ಬಟ್ಟೆಯಲ್ಲಿ ತಾಳಿ ಕಟ್ಟಿಕೊಂಡು, ನನ್ನ ತಲೆಯಿಂದ ಟವೆಲ್ ವಾಪಸು ತೆಗೆದುಕೊಂಡು, ಗೌಡರು ಬೆಳಕಿರುವಾಗಲೇ ಬಸ್ಸು ಹತ್ತಿದರು.

ಇಷ್ಟು ವರ್ಷ ಬಿಟ್ಟ ಕಾಫಿಯ ಬಾಕಿ ತೀರಿಸುವವನಂತೆ ಸಂಜೆ ಮತ್ತೆರಡು ಲೋಟ ಇಳಿಸಿದೆ. ರಾತ್ರಿ ಮುದ್ದೆ, ಉಪ್ಪುಸಾರು, ಹುರುಳಿಕಾಯಿ ಪಲ್ಯ. ನಿದ್ದೆಯ ವಿಷಯವನ್ನೆಲ್ಲ ಓದಿಕೊಂಡ ಭವ್ಯ ಮೊದಲು ಮಲಗಿದಳು, ಏನೂ ಓದದ ಜಯ ಅವಳ ಹಿಂದೆಯೇ. ನಾನು ಮಾತ್ರ ಸೂರು ನೋಡುತ್ತಾ ಬಿದ್ದಿದ್ದೆ. ನನ್ನ ಬಸ್ಸಿನ ತುಂಬ ಟವೆಲ್ಲುಗಳು. ಆ ದಢೂತಿ ಆಸಾಮಿಗೆ ಯಾರಾದರೂ ಒಂದು ಸೀಟು ಬಿಟ್ಟುಕೊಡಬಾರದೇ ಎನ್ನಿಸುತ್ತಿತ್ತು.